ಘಾಟಿಯಲ್ಲಿ ಮಳೆ, ಮನೆಯಲ್ಲಿ ಅವಸರ

ಮೂಡಿಗೆರೆ, ಬಣಕಲ್, ಚಿಕ್ಕಮಗಳೂರಿನ ಕಡೆ ಕಾಫಿ ತೋಟದಲ್ಲೋ ಅಂಗಡಿಯಲ್ಲೋ ದುಡಿಯುವ ನಮ್ಮ ಹುಡುಗರು ಅನೇಕರಿದ್ದಾರೆ. ಅವರ ತಾಯಂದಿರು, ಪತ್ನಿಯರು ಕೆಳಗೆ ಕಕ್ಕಿಂಜೆ, ಬೆಳ್ತಂಗಡಿ, ಬಂಟ್ವಾಳ, ಮಂಗಳೂರಿನಲ್ಲಿ. ನಡುವೆ ಚಾರ್ಮಾಡಿ ಘಾಟಿ. ವಾರದ ರಜೆಗೋ, ಮದುವೆಗೋ, ಮಗುವಿಗೆ ಜ್ವರ ಎಂದು ಕೇಳಿಯೋ ಅವರು ಬೈಕ್ ಹತ್ತುತ್ತಾರೆ. ಜನವರಿಯಲ್ಲಾದರೆ ಅದು ಒಳ್ಳೆಯ ಸವಾರಿ. ಜೂನ್ ಬಂದ ಮೇಲೆ ಅದೇ ರಸ್ತೆ ಬೇರೆಯೇ ರಸ್ತೆ.

ನೀವು ಆ ರಸ್ತೆಯನ್ನು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಜಲಪಾತ, ಮಂಜು, ಹಸಿರು ಎಂದು ಮಕ್ಕಳಿಗೆ ತೋರಿಸಿಯೂ ಇರಬಹುದು. ಒಮ್ಮೆ ಬೈಕಿನ ಸೀಟಿನ ಮೇಲಿಂದ ಅದನ್ನು ಊಹಿಸಿ ನೋಡಿ. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಹೊರಟ ಹುಡುಗನಿಗೆ ಮುಂದಿನ ತಿರುವಿನಾಚೆ ಹತ್ತು ಮಾರು ದೂರ ಕಾಣುವುದಿಲ್ಲ. ಹೆಲ್ಮೆಟ್ಟಿನ ಗಾಜಿಗೆ ಹೊರಗಿನಿಂದ ಮಳೆನೀರು, ಒಳಗಿನಿಂದ ಅವನದೇ ಉಸಿರಿನ ಹಬೆ. ಗಾಜು ಎತ್ತಿದರೆ ಹನಿಗಳು ಸೂಜಿಯಂತೆ ಕಣ್ಣಿಗೆ ಚುಚ್ಚುತ್ತವೆ. ದೀಪವನ್ನು ಜೋರು ಮಾಡಿದರೆ ಬೆಳಕು ಮಂಜಿಗೆ ಬಡಿದು ಮರಳಿ ಬಂದು ಎದುರಿಗೆ ಬಿಳಿ ಗೋಡೆ ಎಬ್ಬಿಸುತ್ತದೆ. ಮಂಜಿನಲ್ಲಿ ದೀಪ ತಗ್ಗಿಸಿಯೇ ಓಡಿಸಬೇಕೆಂಬುದು ಹೊಸದಾಗಿ ಬೈಕ್ ಕೊಂಡ ಎಷ್ಟೋ ಹುಡುಗರಿಗೆ ಗೊತ್ತಿರುವುದಿಲ್ಲ. ಅರ್ಧ ಗಂಟೆ ನೆನೆದ ಮೇಲೆ ಗಾಳಿಗೆ ಬೆರಳುಗಳು ಮರಗಟ್ಟುತ್ತವೆ. ಬ್ರೇಕ್ ಹಿಡಿಯಬೇಕಾದುದು ಅದೇ ಬೆರಳುಗಳು.

ಮತ್ತೆ ಇಳಿಜಾರು. ತೊಳೆಯುವ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದಾಗ ನೀವು ಹೇಗೆ ಕಾಲಿಡುತ್ತೀರೋ ಬೈಕಿನ ಚಕ್ರವೂ ಹಾಗೆಯೇ ಇಡಬೇಕಾದ ಜಾಗ ಅದು. ಲಾರಿಗಳಿಂದ ಸೋರಿದ ಡೀಸೆಲ್, ಗುಡ್ಡದಿಂದ ಇಳಿದ ಕೆಂಪು ಮಣ್ಣು, ಕೊಳೆತ ಎಲೆ, ಇವೆಲ್ಲ ಮಳೆನೀರಿನೊಂದಿಗೆ ಸೇರಿ ತಿರುವಿನಲ್ಲಿ ಕುಳಿತಿರುತ್ತವೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ತಿರುವಿನ ನಡುವೆ ಬ್ರೇಕ್ ಅದುಮಿದರೆ ಚಕ್ರ ಕೈಕೊಡುತ್ತದೆ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರಿದ್ದಾರೆ. ಅದು ಉಳಿತಾಯವಲ್ಲ, ಹುಚ್ಚು. ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತವನ್ನು ಬಿಟ್ಟುಕೊಟ್ಟರೆ ಉಳಿಯುವುದು ಒದ್ದೆ ಬ್ರೇಕ್ ಮಾತ್ರ. ಹೇರ್‌ಪಿನ್ ತಿರುವಿನಲ್ಲಿ ಬಸ್ಸೊಂದು ಮೇಲೇರಿ ಬಂತೆಂದರೆ ಅದು ತಿರುಗಲು ರಸ್ತೆಯ ಪೂರ್ತಿ ಅಗಲ ಬೇಕು. ರಸ್ತೆ ಕಿರಿದಾದಲ್ಲಿ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ಕಾನೂನು. ಕಾನೂನಿಲ್ಲದಿದ್ದರೂ ಬಸ್ಸಿನೆದುರು ಬೈಕಿನದೇನು ನಡೆಯುತ್ತದೆ?

ಇದಿಷ್ಟೂ ಸವಾರನ ಕೈಯಲ್ಲಿರುವ ವಿಷಯ. ಅವನ ಕೈಯಲ್ಲಿಲ್ಲದ್ದು ಗುಡ್ಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜಾರಿ ಮಡಿಕೇರಿ-ಸಂಪಾಜೆ ರಸ್ತೆ ಕಡಿದುಹೋಯಿತು. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಚಾರ್ಮಾಡಿಯಲ್ಲೇ ಹಲವೆಡೆ ಮಣ್ಣು ಕುಸಿದು ಸಂಚಾರ ನಿಂತಿತು. ದೊಡ್ಡ ವಾಹನಗಳಿಗೆ ತಿಂಗಳುಗಟ್ಟಲೆ ದಾರಿಯಿರಲಿಲ್ಲ.

ಹೀಗಿದ್ದೂ ಅವನು ಯಾಕೆ ಹೊರಡುತ್ತಾನೆ? ಹುಡುಗಾಟಕ್ಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಳೆಯಲ್ಲಿ ಘಾಟಿ ಹತ್ತಿ ಫೋಟೋ ತೆಗೆಯುವ ಹುಡುಗರ ಗುಂಪು ಇಲ್ಲವೆಂದಲ್ಲ. ಆದರೆ ಅವರ ಮಾತು ಇಲ್ಲಿ ಬೇಡ. ನಾನು ಹೇಳುತ್ತಿರುವುದು ಮನೆಯ ಮಾತು ಕೇಳಿ ಹೊರಡುವವನ ಬಗ್ಗೆ. "ನಿನ್ನ ತಂಗಿಯನ್ನು ನೋಡಲು ಬರುತ್ತಿದ್ದಾರೆ, ನೀನಿಲ್ಲದಿದ್ದರೆ ಏನು ಅಂದುಕೊಂಡಾರು?" "ಅವರ ಮನೆಯ ಮದುವೆಗೆ ಹೋದಿರಿ, ನಮ್ಮ ಮನೆಯ ತೊಟ್ಟಿಲಿಗೆ ಬರಲಾಗದೇ?" "ಮಗು ಅಪ್ಪ ಅಪ್ಪ ಎಂದು ಅಳುತ್ತಿದೆ." ಇವನ್ನು ಹೇಳುವವರು ಯಾರು? ಹೆಚ್ಚಿನ ಮನೆಗಳಲ್ಲಿ ನಾವೇ, ಹೆಂಗಸರು. ಪ್ರೀತಿಯಿಂದಲೇ ಹೇಳುತ್ತೇವೆ. ಹೊರಟ ಮೇಲೆ ಹತ್ತು ನಿಮಿಷಕ್ಕೊಮ್ಮೆ "ಎಲ್ಲಿಗೆ ಮುಟ್ಟಿದಿ?" ಎಂದು ಫೋನ್ ಮಾಡುವುದೂ ಪ್ರೀತಿಯಿಂದಲೇ. ಆದರೆ ರೈನ್‌ಕೋಟಿನ ಒಳಕಿಸೆಯಲ್ಲಿ ಫೋನ್ ರಿಂಗಾದಾಗಲೆಲ್ಲ ಅವನ ಕೈ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ತಿರುಗಿಸುತ್ತದೆ. ಫೋನ್ ಎತ್ತದಿದ್ದರೆ ಕೋಪಿಸಿಕೊಳ್ಳುವ ತಾಯಂದಿರೂ ಇದ್ದಾರೆ. ಎತ್ತದಿರುವುದೇ ಅವನು ಕ್ಷೇಮವಾಗಿ ಓಡಿಸುತ್ತಿದ್ದಾನೆ ಎನ್ನುವುದರ ಗುರುತು.

ನಮ್ಮ ದೀನ್ ಮಳೆಯ ವಿಷಯದಲ್ಲಿ ನಮ್ಮಷ್ಟು ಕಠಿಣವಾಗಿಲ್ಲ ಸಹೋದರಿಯರೇ. ಚಳಿ ಮತ್ತು ಮಳೆಯ ರಾತ್ರಿಗಳಲ್ಲಿ ಪ್ರವಾದಿ(ಸ)ಯವರು ನಮಾಝನ್ನು ಬಿಡಾರಗಳಲ್ಲೇ ನಿರ್ವಹಿಸಿರೆಂದು ಅದಾನಿನೊಂದಿಗೆ ಸಾರಿಸುತ್ತಿದ್ದರೆಂದು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಇಬ್ನು ಅಬ್ಬಾಸ್(ರ)ರಂತೂ ಒಂದು ಮಳೆಯ ಜುಮಾ ದಿನ ಮುಅದ್ಸಿನ್‌ಗೆ ಹೀಗೆಯೇ ಕೂಗಲು ಹೇಳಿದರು. ಜನರು ಅಚ್ಚರಿಪಟ್ಟಾಗ, ನಿಮ್ಮನ್ನು ಕೆಸರಿನಲ್ಲಿ ನಡೆಸಲು ನನಗೆ ಇಷ್ಟವಾಗಲಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಪಕ್ಕದ ಮಸೀದಿಗೆ ಕೆಸರು ತುಳಿದು ಹೋಗುವುದಕ್ಕೇ ಈ ರಿಯಾಯಿತಿ! ನಮ್ಮ ತೊಟ್ಟಿಲು, ನಿಶ್ಚಿತಾರ್ಥಗಳು ಜುಮಾಕ್ಕಿಂತ ದೊಡ್ಡವೇ? ಒಂಟಿ ಪ್ರಯಾಣದ ಅಪಾಯವನ್ನು ಜನರು ಅರಿತಿದ್ದರೆ ಯಾವ ಸವಾರನೂ ರಾತ್ರಿ ಒಬ್ಬನೇ ಹೊರಡುತ್ತಿರಲಿಲ್ಲ ಎಂಬ ಅರ್ಥದ ಪ್ರವಾದಿ ವಚನವೂ ಬುಖಾರಿಯಲ್ಲಿದೆ. ಒಂಟೆಯ ಕಾಲದ ಮಾತು ಬೈಕಿಗೆ ಎಷ್ಟು ಸರಿಯಾಗಿ ಒಪ್ಪುತ್ತದೆ ನೋಡಿ.

ಮಗ್ರಿಬ್ ಕಳೆಯುವ ಮುನ್ನ ಮನೆ ಸೇರಬೇಕೆಂದು ಓಡಿಸುವವರಿಗೂ ಒಂದು ಮಾತು. ದೂರದ ಮುಸಾಫಿರ್‌ಗೆ ಮಗ್ರಿಬನ್ನು ಇಶಾದೊಂದಿಗೆ ಜಂಅ್ ಮಾಡುವ ಅನುಮತಿ ಶಾಫಿಈ ಮದ್ಸ್‌ಹಬ್‌ನಲ್ಲಿದೆ. ಎಷ್ಟು ದೂರ, ಹೇಗೆ ನಿಯ್ಯತ್ ಎಂಬುದನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಲಿ. ಸಹಾಬಿಗಳು ಏರು ಹತ್ತುವಾಗ ತಕ್‌ಬೀರ್, ತಗ್ಗು ಇಳಿಯುವಾಗ ತಸ್ಬೀಹ್ ಹೇಳುತ್ತಿದ್ದರು. ಘಾಟಿ ಇಳಿಯುವ ಮಗನಿಗೆ ಇದನ್ನು ಕಲಿಸಿಕೊಡಿ. ನಿಧಾನವಾಗಿ ಸುಬ್‌ಹಾನಲ್ಲಾಹ್ ಹೇಳುತ್ತಾ ಇಳಿಯುವವನು ಬಸ್ಸನ್ನು ಹಿಂದಿಕ್ಕಲು ಹೋಗಲಾರ.

ಕೆಲವೊಮ್ಮೆ ಹಿಂದಿನ ಸೀಟಿನಲ್ಲಿ ನೀವೇ ಇರುತ್ತೀರಿ. ಆಗ ಮೊದಲು ನೋಡಬೇಕಾದದ್ದು ಬುರ್ಖಾದ ಅಂಚನ್ನು. ಹಿಂದಿನ ಚಕ್ರದ ಪಕ್ಕದ ಸಾರಿ ಗಾರ್ಡ್ ಅಲಂಕಾರಕ್ಕಿರುವುದಲ್ಲ. ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಅಂಥ ತಡೆ ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದ ಕೆಡುತ್ತದೆಂದು ಹುಡುಗರು ಅದನ್ನು ಬಿಚ್ಚಿಡುತ್ತಾರೆ. ಬಿಚ್ಚಿದ ಬೈಕಿಗೆ ಹತ್ತಲೇಬೇಡಿ. ಬುರ್ಖಾವನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ, ದುಪಟ್ಟಾದ ತುದಿಯನ್ನು ಒಳಗೆ ಸೇರಿಸಿ. ಸ್ಕಾರ್ಫಿನ ಪಿನ್ನುಗಳನ್ನು ತೆಗೆದು ತೆಳ್ಳಗಿನ ಟೋಪಿಯ ಮೇಲೆ ಹೆಲ್ಮೆಟ್ ಧರಿಸಿದರೆ ಅದು ಸರಿಯಾಗಿ ಕೂರುತ್ತದೆ. ಕೊಡೆ ಬಿಡಿಸುವುದಂತೂ ಬೇಡವೇ ಬೇಡ. ಘಾಟಿಯ ಗಾಳಿಗೆ ಅದು ಹಡಗಿನ ಹಾಯಿಯಂತೆ ನಿಮ್ಮನ್ನೂ ಬೈಕನ್ನೂ ಒಟ್ಟಿಗೇ ಎಳೆಯುತ್ತದೆ.

ಮಡಿಲಲ್ಲಿ ಮಗುವಿದ್ದರೆ? ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಬೆಲ್ಟ್ ಇರಬೇಕು, ವೇಗ 40 ಕಿಲೋಮೀಟರ್ ದಾಟಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆದರೆ ಮಳೆಯ ಘಾಟಿಗೆ ನನ್ನ ಅಭಿಪ್ರಾಯ ಇನ್ನೂ ಸರಳ: ಮಗುವನ್ನು ಬೈಕಿನಲ್ಲಿ ಕರೆದೊಯ್ಯಲೇಬೇಡಿ. ಸರ್ಕಾರಿ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಯಜಮಾನರ ಟಿಕೆಟ್ಟಿಗೆ ಮಾತ್ರ ಹಣ ಕೊಟ್ಟರಾಯಿತು, ಅಷ್ಟಕ್ಕೆ ಅವರು ಬಡವರಾಗುವುದಿಲ್ಲ.

ಈ ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ಕಾರ್ಯಕ್ರಮವಿದ್ದರೆ, ಘಾಟಿಯಾಚೆಯ ನೆಂಟರಿಗೆ ಆಮಂತ್ರಣ ಹೇಳುವಾಗಲೇ "ಹಿಂದಿನ ದಿನ ಬೆಳಿಗ್ಗೆ ಬಸ್ಸಿಗೆ ಬನ್ನಿ, ಮಲಗಲು ಜಾಗವಿದೆ" ಎಂದು ಸೇರಿಸಿ. ಮಗ ಸಂಜೆ ಆರಕ್ಕೆ ಕೊಟ್ಟಿಗೆಹಾರದಿಂದ ಫೋನ್ ಮಾಡಿ "ಮಂಜು ಜೋರಾಗಿದೆ ಉಮ್ಮಾ" ಎಂದರೆ, ಅಡುಗೆ ಆರಿಹೋಗುತ್ತದೆ ಎನ್ನಬೇಡಿ. ಬಣಕಲ್‌ಗೆ ಹಿಂತಿರುಗಿ ಯಾರದಾದರೂ ಮನೆಯಲ್ಲಿ ಮಲಗು, ಬೆಳಿಗ್ಗೆ ಬಾ ಎನ್ನಿ. ಅವನ ಪಾಲಿನ ಪತ್ತಿರಿಯನ್ನು ಮುಚ್ಚಿಡಿ.