ಅಂಗೈಯ ಕೀವು, ಗಂಟಲಿನ ಮೂಲ

ಉಪ್ಪುಂದದ ಮಡಿಕಲ್ ಕಡಲತೀರದಲ್ಲಿ ಬಲೆಯೆಳೆಯುವವನೊಬ್ಬನ ಅಂಗೈ ಅಂಗಾಲುಗಳಲ್ಲಿ ಕೀವುಗುಳ್ಳೆಗಳೆದ್ದು, ಒಣಗಿ ಕಂದುಬಣ್ಣದ ಹಕ್ಕಳೆಯಾಗಿ ಉದುರಿ, ಮರಳಿ ಮರಳಿ ಮೂಡುವುದಾದರೆ, ಅದನ್ನು ಉಪ್ಪುನೀರಿನ ಉಪದ್ರವವೆಂದೋ ನಾಗದೋಷವೆಂದೋ ಭಾವಿಸಿ ಕಾಲಹರಣ ಮಾಡುವುದು ಸಲ್ಲದು. ಆ ಕೀವಿನಲ್ಲಿ ಸಾಮಾನ್ಯವಾಗಿ ರೋಗಾಣುಗಳಿರುವುದಿಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಚರ್ಮದ ಮೇಲೆರಗಿರುವುದರಿಂದ ಅದು ಸ್ಪರ್ಶದಿಂದ ಹರಡುವುದೂ ಇಲ್ಲ. ಧೂಮಪಾನಕ್ಕೂ ಈ ವ್ಯಾಧಿಗೂ ಇರುವ ನಂಟು ಸುವಿದಿತವಾದುದು. ಟಾನ್ಸಿಲ್‌ಗಳ ದೀರ್ಘಕಾಲಿಕ ಸೋಂಕೂ ಇದನ್ನು ಕೆರಳಿಸಬಲ್ಲದೆಂದು ಜಪಾನಿನ ವೈದ್ಯರು ಬಹುಕಾಲದಿಂದ ಪ್ರತಿಪಾದಿಸುತ್ತ, ಆಯ್ದ ರೋಗಿಗಳಲ್ಲಿ ಅವನ್ನು ಶಸ್ತ್ರಕ್ರಿಯೆಯಿಂದ ತೆಗೆದು ಅನೇಕರಲ್ಲಿ ಗುಣ ಕಂಡಿದ್ದಾರೆ. ಬಲವಾದ ತುಲನಾತ್ಮಕ ಪ್ರಯೋಗಗಳು ವಿರಳವಾಗಿರುವುದರಿಂದ ಎಲ್ಲರಿಗೂ ಶಸ್ತ್ರಕ್ರಿಯೆಯೇ ಮದ್ದೆಂಬುದು ನನ್ನ ವಾದವಲ್ಲ. ಆದರೆ ಮುಲಾಮು ಬರೆದುಕೊಡುವ ಮುನ್ನ ಬಾಯಿ ತೆರೆಸಿ ಗಂಟಲನ್ನೊಮ್ಮೆ ನೋಡುವ, ಬೀಡಿಯ ಕುರಿತು ಕೇಳುವ ಪದ್ಧತಿಯು ನಮ್ಮ ಗ್ರಾಮೀಣ ಆರೋಗ್ಯಕೇಂದ್ರಗಳಲ್ಲಿ ಬೇರೂರಲೇಬೇಕು.