ಮೂರ್ಛೆ ರೋಗ: ಗುಳಿಗೆ ಬಂದಿದೆ, ಗುಟ್ಟು ಹೋಗಿಲ್ಲ

ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ ದಿನ, ಅಂದರೆ ಮೂರ್ಛೆ ರೋಗದ ದಿನ. ಈ ದಿನದ ನೆಪದಲ್ಲಿ ಕಳೆದ ಐದು ದಶಕಗಳತ್ತ ತಿರುಗಿ ನೋಡಿದರೆ, ಕನ್ನಡ ನಾಡು ಹೆಮ್ಮೆಪಡಬೇಕಾದ ಸಂಗತಿಗಳೂ ಕಾಣುತ್ತವೆ, ತಲೆ ತಗ್ಗಿಸಬೇಕಾದ ಸಂಗತಿಗಳೂ ಕಾಣುತ್ತವೆ. ವೈದ್ಯಶಾಸ್ತ್ರ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿ ಮುಗಿಸಿದೆ. ಮಾಡದೆ ಉಳಿದಿರುವುದು ನಮ್ಮ ಪಾಲಿನದು. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಬಾಗಿಲು ಹಾಕಿಕೊಂಡು ಗುಟ್ಟು ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ರೋಗಕ್ಕಿಂತ ಹೆಚ್ಚಾಗಿ ರೋಗಿಯನ್ನು ಹಣ್ಣು ಮಾಡುತ್ತಿರುವುದು ಈ ಗುಟ್ಟೇ.

ರೋಗದ ಸ್ವರೂಪದಲ್ಲಿ ನಿಗೂಢವಾದದ್ದೇನೂ ಇಲ್ಲ. ಮೆದುಳಿನ ನರಕೋಶಗಳು ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದು ಗುಂಪು ಹತೋಟಿ ತಪ್ಪಿ ಒಮ್ಮೆಲೇ ಮಿಡಿದಾಗ ಫಿಟ್ಸ್ ಬರುತ್ತದೆ. ಮೈ ಸೆಟೆದು, ಕೈಕಾಲು ಬಡಿದು, ಬಾಯಲ್ಲಿ ನೊರೆ ಬರುವುದು ಎಲ್ಲರಿಗೂ ಗೊತ್ತಿರುವ ರೂಪ. ಗೊತ್ತಾಗದ ರೂಪಗಳೇ ಹೆಚ್ಚು ಮೋಸ ಮಾಡುತ್ತವೆ. ತರಗತಿಯಲ್ಲಿ ಮಗು ಕೆಲವು ಸೆಕೆಂಡು ಶೂನ್ಯದತ್ತ ನೋಡುತ್ತ ಕೂರಬಹುದು. ದೊಡ್ಡವರೊಬ್ಬರು ಮಾತಿನ ನಡುವೆ ನಿಂತು, ತುಟಿ ಚಪ್ಪರಿಸುತ್ತ ಬಟ್ಟೆ ಎಳೆದಾಡಬಹುದು. ಒಂದು ಕೈ ಮಾತ್ರ ಅದುರಬಹುದು. ಗಮನವಿಲ್ಲವೆಂದು ಬೈಸಿಕೊಂಡ ಎಷ್ಟೋ ಮಕ್ಕಳಿಗೆ ಬೇಕಾಗಿದ್ದದ್ದು ವೈದ್ಯರ ತಪಾಸಣೆ.

ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಅದು ಮೂರ್ಛೆ ರೋಗವಲ್ಲ. ಜ್ವರ, ರಕ್ತದಲ್ಲಿ ಸಕ್ಕರೆ ಇಳಿಯುವುದು ಮುಂತಾದ ತಕ್ಷಣದ ಕಾರಣವಿಲ್ಲದೆ, 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಬಂದರೆ ಆ ಹೆಸರು ಕೊಡುತ್ತಾರೆ. ಮತ್ತೆ ಬರುವ ಸಂಭವ ತೀರಾ ಹೆಚ್ಚೆಂದು ಎಂಆರ್‌ಐ, ಇಇಜಿ ತೋರಿಸಿದರೆ ಒಂದೇ ಸಲಕ್ಕೂ ಚಿಕಿತ್ಸೆ ಶುರುಮಾಡುವುದುಂಟು. ಕಾರಣಗಳು ಹಲವು: ಹೆರಿಗೆಯ ವೇಳೆ ಮಗುವಿಗೆ ಉಸಿರುಗಟ್ಟಿದ್ದು, ತಲೆಗೆ ಬಿದ್ದ ಪೆಟ್ಟು, ಮೆದುಳು ಜ್ವರ, ಪಾರ್ಶ್ವವಾಯು, ಗೆಡ್ಡೆ, ವಂಶವಾಹಿಯ ದೋಷ. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿ, ಮರಿ ಮೆದುಳಲ್ಲಿ ಗೂಡು ಕಟ್ಟುವುದು ನಮ್ಮ ದೇಶದಲ್ಲಿ ಮುಖ್ಯ ಕಾರಣಗಳಲ್ಲೊಂದು. ಕೊಳಕು ನೀರು, ತೊಳೆಯದ ಸೊಪ್ಪು, ಕೊಳಕು ಕೈಗಳ ಮೂಲಕ ಅದು ಹರಡುವುದರಿಂದ ಸಸ್ಯಾಹಾರಿಗಳೂ ಸುರಕ್ಷಿತರಲ್ಲ. ಅನೇಕರಲ್ಲಿ ಕಾರಣ ಸಿಗುವುದೇ ಇಲ್ಲ. ಆದರೂ ಚಿಕಿತ್ಸೆ ಫಲಿಸುತ್ತದೆ.

ಈ ರೋಗದ ತಿಳಿವಳಿಕೆಗೆ ಕರ್ನಾಟಕ ಕೊಟ್ಟ ಕಾಣಿಕೆ ಸಣ್ಣದಲ್ಲ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆಂಬುದನ್ನು ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರು 1960ರ ದಶಕದ ಕೊನೆಯಿಂದ ಬರೆದು ಜಗತ್ತಿಗೆ ತಿಳಿಸಿದರು. ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುವ ನಮ್ಮ ತಲೆಸ್ನಾನದ ರೂಢಿಯಲ್ಲಿ ರೋಗದ ಸುಳಿವಿತ್ತು. ನೀರಿನ ಬಿಸಿ ಇಳಿಸಿ, ಬೇಕಾದವರಿಗೆ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಟ್ಟರೆ ಬಹಳಷ್ಟು ಜನರಲ್ಲಿ ತೊಂದರೆ ತಪ್ಪುತ್ತದೆ.

ಮಣಿ ಅವರ ತಂಡ ಮಾಡಿದ ಇನ್ನೂ ದೊಡ್ಡ ಕೆಲಸ ಯಳಂದೂರಿನದು. ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಆ ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸಿ, ಫಿನೊಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದರ ಫಲಿತಾಂಶ ಪ್ರಕಟಿಸಿತು. ಗಾರ್ಡಿನಾಲ್, ಎಪ್ಟಾಯಿನ್ ಎಂದು ಅಂಗಡಿಯಲ್ಲಿ ಕೇಳುವ ಆ ಹಳೆಯ, ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯಲ್ಲಿದ್ದುಕೊಂಡೇ ರೋಗ ಹತೋಟಿಗೆ ತರಬಹುದೆಂಬುದಕ್ಕೆ ಯಳಂದೂರು ಸಾಕ್ಷಿಯಾಯಿತು.

ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಂಕಿಅಂಶ ಇನ್ನೊಂದು ಸತ್ಯ ಹೇಳಿತು. ಸಾವಿರಕ್ಕೆ ಸುಮಾರು 9 ಜನರಲ್ಲಿ ಈ ರೋಗವಿದೆ. ನಗರದಲ್ಲಿ ಸುಮಾರು 6 ಇದ್ದರೆ ಹಳ್ಳಿಯಲ್ಲಿ 12. ಈ ದರವನ್ನು 2011ರ ಜನಗಣತಿಯ 6.11 ಕೋಟಿಗೆ ಅನ್ವಯಿಸಿದರೆ ನಮ್ಮ ರಾಜ್ಯದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಜನ ಈ ರೋಗದೊಂದಿಗೆ ಬದುಕುತ್ತಿದ್ದಾರೆಂದಾಯಿತು. ಹಳ್ಳಿಯಲ್ಲಿ ರೋಗಿಗಳು ದುಪ್ಪಟ್ಟು, ನರರೋಗ ತಜ್ಞರು ಮಾತ್ರ ನಗರದಲ್ಲಿ. ನಿಮ್ಹಾನ್ಸ್ ಗೌರಿಬಿದನೂರು, ಕನಕಪುರ, ಮದ್ದೂರು ಮುಂತಾದ ಕಡೆ ನಡೆಸುತ್ತ ಬಂದ ಹೊರ ಚಿಕಿತ್ಸಾಲಯಗಳು, 2022ರಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಈ ಕಂದರ ಮುಚ್ಚುವ ಪ್ರಯತ್ನಗಳು. ಇವು ಪ್ರತಿ ತಾಲ್ಲೂಕಿಗೂ ಬರಬೇಕು.

ಕಾನೂನಿನ ಕಥೆಯಲ್ಲಿ ಸೋಲೂ ಇದೆ, ಗೆಲುವೂ ಇದೆ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗವನ್ನು ಬುದ್ಧಿಭ್ರಮಣೆಯ ಪಕ್ಕ ಕೂರಿಸಿತು. ಪದೇಪದೇ ಫಿಟ್ಸ್ ಬರುವವರು ಮದುವೆಗೆ ಅನರ್ಹರಾದರು. ರೋಗಿಗಳ ಪರ ಸಂಘಟನೆಗಳು ಹೋರಾಡಿದ ಮೇಲೆ, 1999ರ ಡಿಸೆಂಬರ್‌ನಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾಯ್ದೆ ಬದಲಾಗಿ ಕಾಲು ಶತಮಾನ ಕಳೆದರೂ ಹೆಣ್ಣು ನೋಡಲು ಬಂದವರ ಮುಂದೆ ಗುಳಿಗೆಯ ಪಟ್ಟಿಯನ್ನು ಬಚ್ಚಿಡುವುದು ನಿಂತಿಲ್ಲ. ಮದುವೆಯಾದ ಮೇಲೆ ಗಂಡನ ಮನೆಯವರಿಗೆ ತಿಳಿಯದಿರಲೆಂದು ಹುಡುಗಿ ಮಾತ್ರೆ ನಿಲ್ಲಿಸುತ್ತಾಳೆ, ಫಿಟ್ಸ್ ಮರುಕಳಿಸುತ್ತದೆ, ವಂಚನೆಯ ಆರೋಪ ಅವಳ ತಲೆಗೆ ಬರುತ್ತದೆ. ಮುಂಚೆಯೇ ಹೇಳಿ ಮಾಡಿದ ಮದುವೆಗೆ ಈ ಭಯವಿಲ್ಲ.

ಚಿಕಿತ್ಸೆಯ ದಾರಿಗಳು ಶತಮಾನದಲ್ಲಿ ಬಹಳ ಅಗಲವಾಗಿವೆ. 1912ರಲ್ಲಿ ಫಿನೊಬಾರ್ಬಿಟೋನ್, 1938ರಲ್ಲಿ ಫೆನಿಟಾಯಿನ್, 60ರ ದಶಕದಲ್ಲಿ ಕಾರ್ಬಮಜೆಪಿನ್ ಮತ್ತು ವಾಲ್ಪ್ರೋಯೇಟ್, ಶತಮಾನದ ಕೊನೆಗೆ ಲೆವೆಟಿರಸೆಟಮ್ ಬಂದವು. ಯಾವ ಬಗೆಯ ಫಿಟ್ಸ್, ಎಷ್ಟು ವಯಸ್ಸು, ಗರ್ಭಿಣಿಯಾಗುವ ಸಂಭವವಿದೆಯೇ ಎಂಬುದನ್ನು ನೋಡಿ ವೈದ್ಯರು ಔಷಧಿ ಆರಿಸುತ್ತಾರೆ. ಪಕ್ಕದ ಮನೆಯವರಿಗೆ ಹಿಡಿಸಿದ ಗುಳಿಗೆ ನಿಮಗೂ ಹಿಡಿಸಬೇಕಿಲ್ಲ. ವಾಲ್ಪ್ರೋಯೇಟ್ ಹುಟ್ಟುವ ಮಗುವಿಗೆ ಹಾನಿ ಮಾಡಬಲ್ಲದು. ಹಾಗೆಂದು ಬಸಿರಾದ ಕೂಡಲೇ ತಾನಾಗಿ ಬಿಡುವುದು ತಾಯಿಗೂ ಮಗುವಿಗೂ ಅಪಾಯ. ಬಸಿರಿಗೆ ಮುಂಚೆಯೇ ವೈದ್ಯರ ಜತೆ ಮಾತಾಡಿ ಮಾತ್ರೆ ಬದಲಿಸಿಕೊಂಡು, ಫೋಲಿಕ್ ಆಮ್ಲ ತೆಗೆದುಕೊಳ್ಳುವುದು ಸರಿಯಾದ ದಾರಿ. ಈ ರೋಗವಿರುವ ಬಹುಪಾಲು ಹೆಣ್ಣುಮಕ್ಕಳು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ.

ಸರಿಯಾದ ಔಷಧಿ ತಪ್ಪದೆ ತೆಗೆದುಕೊಂಡರೆ ನೂರರಲ್ಲಿ ಸುಮಾರು 70 ಜನರ ಫಿಟ್ಸ್ ನಿಲ್ಲಬಲ್ಲದು. ಎರಡು ವರ್ಷವಾದರೂ ಫಿಟ್ಸ್ ಬಾರದಿದ್ದರೆ ಮಾತ್ರೆ ಇಳಿಸುವ ಯೋಚನೆ ಮಾಡಬಹುದು. ಅದನ್ನು ವೈದ್ಯರೇ ನಿಧಾನವಾಗಿ ಮಾಡಬೇಕು. ನೆಟ್ಟಗಾಯಿತೆಂದು ತಟಕ್ಕನೆ ಬಿಟ್ಟವರು ನಿಲ್ಲದ ಫಿಟ್ಸ್ ಬಂದು ತುರ್ತು ಚಿಕಿತ್ಸಾ ಘಟಕ ಸೇರುತ್ತಾರೆ. ನಿದ್ದೆಗೇಡೂ ಶತ್ರುವೇ; ಶಿವರಾತ್ರಿಯ ಜಾಗರಣೆಯಿಂದ ಇವರಿಗೆ ವಿನಾಯಿತಿ ಕೊಡಬೇಕು.

ಎರಡು ಔಷಧಿಗಳನ್ನು ಸರಿಯಾಗಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಮೂರನೆಯದು ಫಲಿಸುವ ಸಂಭವ ಕಡಿಮೆ. ಆಗ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ತಜ್ಞರ ಕೇಂದ್ರದಲ್ಲಿ ಪರೀಕ್ಷಿಸಬೇಕು. ದೆಹಲಿಯ ಏಮ್ಸ್ ತಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದ ಮಕ್ಕಳಲ್ಲಿ ನೂರಕ್ಕೆ 77 ಮಂದಿ ವರ್ಷದ ಕೊನೆಗೆ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಔಷಧಿಯೊಂದನ್ನೇ ಮುಂದುವರಿಸಿದವರಲ್ಲಿ 7 ಮಂದಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1995ರಿಂದ ಈ ಶಸ್ತ್ರಚಿಕಿತ್ಸೆ ನಡೆಸುತ್ತಿದೆ, ನಿಮ್ಹಾನ್ಸ್‌ನಲ್ಲೂ ಇದೆ. ಶಸ್ತ್ರಚಿಕಿತ್ಸೆ ಹೊಂದದವರಿಗೆ ಕೊಬ್ಬು ಹೆಚ್ಚಿಸಿ ಪಿಷ್ಟ ಇಳಿಸುವ ಕೀಟೋಜೆನಿಕ್ ಪಥ್ಯ, ಕತ್ತಿನ ವೇಗಸ್ ನರಕ್ಕೆ ಸ್ಪಂದನ ಕೊಡುವ ಸಾಧನಗಳಿವೆ. ನೋವಿನ ವಿಷಯವೆಂದರೆ, ಅನೇಕರು ಇಲ್ಲಿಗೆ ಬಂದು ಮುಟ್ಟುವುದು ಹತ್ತಾರು ವರ್ಷ ಕಳೆದ ಮೇಲೆ.

ಒಟ್ಟಾರೆ ನೋಡಿದರೆ ಜ್ಞಾನ, ಔಷಧಿ, ಕಾನೂನು ಮೂರರಲ್ಲೂ ಮುಂದೆ ಬಂದಿದ್ದೇವೆ. ಮೊದಲ ಫಿಟ್ಸ್‌ಗೂ ಮೊದಲ ಗುಳಿಗೆಗೂ ನಡುವಿನ ಅಂತರದಲ್ಲಿ ಸೋತಿದ್ದೇವೆ. ಯಂತ್ರ ಕಟ್ಟಿಸುವುದು, ಗಾಳಿ ಬಿಡಿಸುವುದರಲ್ಲಿ ತಿಂಗಳುಗಳು ಹೋಗುತ್ತವೆ. ಪೂಜೆ ಮನಸ್ಸಿಗೆ ಧೈರ್ಯ ಕೊಡುವುದಾದರೆ ಮಾಡಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಅಪಸ್ಮಾರವಿರುವ ಹತ್ತರಲ್ಲಿ ಎಂಟು ಜನರಿಗೆ 2031ರೊಳಗೆ ಔಷಧಿ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಅಗ್ಗದ ಗುಳಿಗೆಗಳು ಒಂದು ದಿನವೂ ಖಾಲಿಯಾಗದಂತೆ ಸರ್ಕಾರ ನೋಡಿಕೊಂಡರೆ ಆ ಗುರಿ ದೂರವಿಲ್ಲ.

ಓದುಗರಲ್ಲಿ ಒಂದು ಮನವಿ. ಎದುರಿಗೆ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ತುರುಕಬೇಡಿ, ಚಪ್ಪಲಿ ಮೂಸಿಸಬೇಡಿ, ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತಲಿನ ಚೂಪಾದ ವಸ್ತು ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ, ಅದುರಾಟ ತಗ್ಗುತ್ತಲೇ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108ಕ್ಕೆ ಕರೆಮಾಡಿ. ಎಚ್ಚರವಾಗುವವರೆಗೆ ಪಕ್ಕದಲ್ಲಿರಿ. ನಿಮ್ಮ ಮನೆಯಲ್ಲೇ ಇಂಥವರಿದ್ದರೆ ಶಾಲೆಯ ಮೇಷ್ಟ್ರಿಗೆ, ಜತೆ ಕೆಲಸ ಮಾಡುವವರಿಗೆ, ನೆಂಟರಿಗೆ ಬಾಯಿಬಿಟ್ಟು ಹೇಳಿ. ಇದು ಮುಚ್ಚಿಡುವ ಕಾಯಿಲೆಯಲ್ಲ, ಗುಳಿಗೆ ನುಂಗಿ ಗೆಲ್ಲುವ ಕಾಯಿಲೆ.