ಗಾಡಿಯ ಕಾಗದ: ತೋರಿಸುವುದಕ್ಕೋ, ಓದುವುದಕ್ಕೋ?

ಮದ್ದೂರಿನಿಂದ ಕೊಪ್ಪಕ್ಕೆ ಬರುವ ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆಂದರೆ ಸಾಕು, ಗಾಡಿಯವರ ಕೈ ತಾನಾಗಿ ಡ್ಯಾಷ್‌ಬೋರ್ಡಿನ ಕಡೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ನಾಲ್ಕು ಕಾಗದ ಹೊರಗೆ ಬರುತ್ತವೆ. "ಇನ್ಸೂರೆನ್ಸ್ ಐತೆ ಸಾರ್, ನೋಡ್ಕಳಿ" ಎಂಬ ಧೈರ್ಯದ ಮಾತೂ ಬರುತ್ತದೆ. ಐತೆ, ಸರಿ. ಆದರೆ ಎಲ್ಲೀವರೆಗೆ ಐತೆ? ಯಾರ ಹೆಸರಿಗೆ ಐತೆ? ಯಾವ ಕೆಲಸಕ್ಕೆ ಐತೆ? ಈ ಮೂರು ಪ್ರಶ್ನೆ ಕೇಳಿ ನೋಡಿ, ಬಹುಪಾಲು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ವಿಮೆಯ ಕಾಗದ ಪೊಲೀಸರ ಬಾಯಿ ಮುಚ್ಚಿಸಲು ಇರುವುದಲ್ಲ. ದಂಡವೇನೋ ಉಂಟು. 2019ರ ಸೆಪ್ಟೆಂಬರ್ 1ರಿಂದ ವಿಮೆಯಿಲ್ಲದ ಗಾಡಿಗೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ. ಮೂರು ತಿಂಗಳವರೆಗೆ ಜೈಲೂ ಆಗಬಹುದು. ದಂಡ ಕಟ್ಟಿದವನು ಮನೆಗೆ ಹೋಗುತ್ತಾನೆ. ಆದರೆ ದಾರಿಯಲ್ಲಿ ನಡೆದು ಹೋಗುತ್ತಿದ್ದವನ ಪ್ರಾಣವೇ ಹೋದರೆ ಅವನ ಹೆಂಡತಿ ಮಕ್ಕಳಿಗೆ ಪರಿಹಾರ ಕೊಡುವವರಾರು? ವಿಮೆ ಇದ್ದರೆ ಕಂಪನಿ, ಇಲ್ಲದಿದ್ದರೆ ಗಾಡಿಯ ಮಾಲೀಕ. ನ್ಯಾಯಮಂಡಳಿ ಹೇಳಿದ ಹಣ ಕಟ್ಟದೆ ಹೋದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾನೂನಿದೆ. ಮಾಲೀಕನಿಗೆ ಗದ್ದೆ ಇದ್ದರೆ ಗದ್ದೆಗೆ ಸಂಚಕಾರ. ಏನೂ ಇಲ್ಲದವನಾದರೆ ಸತ್ತವನ ಮನೆಯವರಿಗೆ ಬರಿಗೈ. ಈ ಅನ್ಯಾಯ ತಪ್ಪಲೆಂದೇ ನಮ್ಮ ದೇಶದಲ್ಲಿ 1946ರ ಜುಲೈ 1ರಿಂದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ.

ಹಾಗಾದರೆ ಕಾಗದದಲ್ಲಿ ನೋಡಬೇಕಾದ್ದೇನು?

ಮೊದಲನೆಯದು ತಾರೀಖು. ಪಾಲಿಸಿ ಇಂಥ ದಿನದ ಮಧ್ಯರಾತ್ರಿಗೆ ಮುಗಿಯುತ್ತದೆ ಎಂದಿದ್ದರೆ ಮುಗಿದಂತೆಯೇ. "ತೊಂಬತ್ತು ದಿನ ಟೈಮ್ ಕೊಡ್ತಾರೆ ಬುಡಿ" ಎಂಬ ಮಾತು ಅಂಗಡಿ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಆ 90 ದಿನ ಹಿಂದೆ ಕ್ಲೇಮು ಮಾಡದವರಿಗೆ ಸಿಗುವ ಬೋನಸ್ ಉಳಿಸಿಕೊಳ್ಳಲು ಮಾತ್ರ. ನಡುವೆ ಆದ ಅಪಘಾತಕ್ಕೆ ಅದು ರಕ್ಷಣೆಯಲ್ಲ. ಇನ್ನೊಂದು ಸಂಗತಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ಅದು ಎದುರಿನವರಿಗಾಗುವ ನಷ್ಟಕ್ಕೆ. ನಿಮ್ಮ ಗಾಡಿ ಕಳವಾದರೆ, ನಜ್ಜುಗುಜ್ಜಾದರೆ ಸಿಗುವ ವಿಮೆಯ ತಾರೀಖು ಅದೇ ಕಾಗದದಲ್ಲಿ ಬೇರೆಯಾಗಿಯೇ ಇರುತ್ತದೆ. ಎರಡನ್ನೂ ನೋಡಿ.

ಎರಡನೆಯದು ಹೆಸರು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಕೊಡುವಂತೆ ಕಂಪನಿಗೆ ಅರ್ಜಿ ಕೊಡಬೇಕು. ಇಲ್ಲದಿದ್ದರೆ ಸ್ವಂತ ಗಾಡಿಯ ನಷ್ಟ ಕೇಳಲು ಹೋದಾಗ ತಕರಾರು ಖಂಡಿತ. ಮಾರಿದವರೂ ನೆಮ್ಮದಿಯಾಗಿ ಕೂರುವಂತಿಲ್ಲ. ಆರ್.ಸಿ. ಯಾರ ಹೆಸರಿನಲ್ಲಿದೆಯೋ ಪರಿಹಾರದ ಹೊಣೆಗೆ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿದೆ. ಹಳೇ ಸ್ಕೂಟರನ್ನು ಬಾಯಿಮಾತಿನ ಮೇಲೆ ಮಾರಿ ಮರೆತಿರುವ ಅಂಗಡಿಯವರು ಈ ಮಾತನ್ನು ಎರಡು ಸಲ ಓದಲಿ.

ಮೂರನೆಯದೇ ನಮ್ಮ ಸೀಮೆಗೆ ಬಹು ಮುಖ್ಯವಾದ್ದು: ಕೆಲಸ. ಗಾಡಿಯನ್ನು ಯಾವುದಕ್ಕೆ ಬಳಸಬಹುದೆಂದು ವಿಮೆಯ ಸರ್ಟಿಫಿಕೇಟಿನಲ್ಲೇ ಬರೆದಿರುತ್ತದೆ. ಕೊಪ್ಪದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳನ್ನೇ ತೆಗೆದುಕೊಳ್ಳಿ. ಟ್ರ್ಯಾಕ್ಟರಿಗೆ ಒಂದು ನಂಬರು, ಟ್ರೈಲರಿಗೆ ಇನ್ನೊಂದು. ಪಾಲಿಸಿಯಲ್ಲಿ ಎರಡೂ ಸೇರಿವೆಯೇ? ವ್ಯವಸಾಯಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಇಟ್ಟಿಗೆ, ಮಣ್ಣು ಹೊಡೆಯುತ್ತಿದ್ದೀರಾ? ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ಬಾಡಿಗೆ ಜನರನ್ನು ಕೂರಿಸುತ್ತಿದ್ದೀರಾ? ಆಗ ಕಾಗದ ಇದ್ದೂ ಇಲ್ಲದಂತೆ ಆಗಬಹುದು.

ಬಸ್ಸಿಗೆ ಕಾಯುವ ನಮ್ಮ ಓದುಗರಿಗೂ ಇಲ್ಲಿ ಒಂದು ಮಾತಿದೆ. ಬಸ್ ತಪ್ಪಿತೆಂದು ಗೂಡ್ಸ್ ಆಟೋ ಹತ್ತುವುದು, ಮದುವೆಗೆ ಜಾತ್ರೆಗೆ ಟ್ರೈಲರ್ ತುಂಬ ಜನ ಹೋಗುವುದು ನಮ್ಮಲ್ಲಿ ಮಾಮೂಲು. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿದೆ. ಹತ್ತು ರೂಪಾಯಿ ಕೊಟ್ಟು ಹತ್ತುವಾಗ "ಇದಕ್ಕೆ ಇನ್ಸೂರೆನ್ಸ್ ಐತಾ?" ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ "ಐತೆ" ಎಂದೇ ಉತ್ತರ. ಅದು ಸುಳ್ಳೂ ಅಲ್ಲ. ಐತೆ, ಆದರೆ ನಿಮಗಲ್ಲ!

ಕಾಗದ ಅಸಲಿಯೋ ನಕಲಿಯೋ ಎಂಬ ಅನುಮಾನವಿದ್ದರೆ ದಾರಿ ಸುಲಭ. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರು ಒತ್ತಿದರೆ ವಿಮೆ ಯಾವ ತಾರೀಖಿನವರೆಗೆ ಇದೆಯೆಂದು ಕಾಣುತ್ತದೆ. ಏಜೆಂಟ್ ಕೊಟ್ಟ ಕಾಗದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಅಂದೇ ಕಂಪನಿಯನ್ನು ಕೇಳಬೇಕು. 2018ರ ನವೆಂಬರಿನಲ್ಲಿ ನಿಯಮ ತಿದ್ದಿದ ಮೇಲೆ ದಾಖಲೆಗಳನ್ನು ಮೊಬೈಲಿನಲ್ಲೇ ತೋರಿಸಿದರೂ ನಡೆಯುತ್ತದೆ. ಆದರೆ ಮೊಬೈಲಿನಲ್ಲಿರಲಿ, ಪ್ಲಾಸ್ಟಿಕ್ ಚೀಲದಲ್ಲಿರಲಿ, ಓದದ ಕಾಗದ ಓದದ ಕಾಗದವೇ.

ತಪ್ಪೆಲ್ಲ ಜನರದೇ ಎಂದು ನಾವು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾದ ಪಾಲಿಸಿಯನ್ನು ಕಬ್ಬು ಬೆಳೆಯುವ ರೈತ ಓದುವುದಾದರೂ ಹೇಗೆ? ತಾರೀಖು, ಹೆಸರು, ಕೆಲಸ, ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಲು ವಿಮಾ ಕಂಪನಿಗಳಿಗೆ ಏನು ಕಷ್ಟ? ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ಮಂಡ್ಯದ ಸಾರಿಗೆ ಅಧಿಕಾರಿಗಳು ಕೊಪ್ಪಕ್ಕೆ ಬಂದು, ದಂಡದ ಪುಸ್ತಕ ಬದಿಗಿಟ್ಟು, ಒಂದು ದಿನ ಟ್ರ್ಯಾಕ್ಟರಿನವರ ಕಾಗದ ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಇನ್ನಾದರೂ ಬೇಡ.

ಸಂಬಂಧಪಟ್ಟವರು ಗಮನ ಕೊಟ್ಟಾರೆಂದು ನಂಬೋಣ. ಅವರು ಬರುವವರೆಗೆ, ಓದುಗರೇ, ಇವತ್ತು ರಾತ್ರಿ ಊಟಕ್ಕೆ ಮುಂಚೆ ಆ ಚೀಲ ಬಿಚ್ಚಿ ಒಮ್ಮೆ ಓದಿಬಿಡಿ.